ಇದಕ್ಕೆ ನೈವೇದ್ಯ ಬೇಡ

ಆತನ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರನ್ನು ಕೆಡಿಸಿದವರು ಬೇಕಾದಷ್ಟು ಜನ, ಅವರಲ್ಲಿ ನಾನೂ ಒಬ್ಬಳು. ಸತ್ತ ಮೇಲೆ ಅದೇ ಹೆಸರನ್ನು ಹಿಡಿದುಕೊಂಡು ಮೆರೆಸುವ ಯೋಗ್ಯತೆ ನನಗಿಲ್ಲ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹಿಂದಿನ ಅಡ್ಡರಸ್ತೆಯೊಂದರಲ್ಲಿ, ಟೀ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ಆತನ ಗ್ಯಾರೇಜು ಇತ್ತು. ಈ ವರ್ಷ ಶ್ರಾವಣದಲ್ಲಿ ಆ ಕಡೆ ಹೋದಾಗ ಷಟರಿಗೆ ಫ್ಲೆಕ್ಸ್ ಕಟ್ಟಿದ್ದರು. ಫೋಟೊದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೆಳಗೆ ಶ್ರದ್ಧಾಂಜಲಿಯ ಎರಡು ಸಾಲು. ಬಿಳಿ ಅಂಗಿಯಲ್ಲಿ ಆತನನ್ನು ನಾನು ಒಂದು ದಿನವೂ ನೋಡಿರಲಿಲ್ಲ, ಹಾಗಾಗಿ ಒಂದು ಗಳಿಗೆ ಬೇರೆ ಯಾರೋ ಅಂದುಕೊಂಡು ಮುಂದೆ ಹೋಗಿಬಿಟ್ಟಿದ್ದೆ.

ಟೀ ಅಂಗಡಿಯವನೇ ಕೂಗಿ ನಿಲ್ಲಿಸಿದ. "ಮೇಡಂ, ಗೊತ್ತಾಗ್ಲಿಲ್ವಾ? ಹೋಗ್ಬಿಟ್ಟ. ಎದೆ ಹಿಡ್ಕೊಂತು ಅಂದ, ಟೀ ಅರ್ಧ ಕುಡ್ದಿದ್ದ, ಅಷ್ಟೇ."

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ತರಗತಿಯಲ್ಲಿ ನನ್ನ ಬಾಯಿ ಹೇಗೆ ಅಂತ ಚಂದ್ರಾ ಲೇಔಟಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಅಂಥವಳು ಆವತ್ತು "ಅಯ್ಯೋ" ಅನ್ನುವುದಕ್ಕೂ ಆಗದೆ ನಿಂತಿದ್ದೆ. ಟೀ ಅಂಗಡಿಯವನ ಮುಖ ನೋಡುವುದಕ್ಕೂ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆತನ ನಾಲಿಗೆಯ ಮೇಲೆ ಮಚ್ಚೆ ಇತ್ತು. ಇದು ಮಾತಿಗೆ ಹೇಳುತ್ತಿಲ್ಲ. ನಿಜವಾಗಿಯೂ ತುದಿಯಿಂದ ಸ್ವಲ್ಪ ಒಳಗೆ, ಎಳ್ಳಿನ ಕಾಳಿನಷ್ಟು ಕಪ್ಪು. ಮಚ್ಚೆ ನಾಲಿಗೆಯವರು ಕೆಟ್ಟದ್ದು ಆಡಿದರೆ ಆಗಿಯೇ ಆಗುತ್ತದೆ ಅನ್ನುವುದು ನಮ್ಮ ಕಡೆಯವರ ನಂಬಿಕೆ. ಅಂಥ ನಾಲಿಗೆಯವನು ಹೋಗಿ ಹೋಗಿ ಮೆಕ್ಯಾನಿಕ್ ಆಗಬೇಕೇ? ಮೆಕ್ಯಾನಿಕ್ಕಿನ ಬಾಯಲ್ಲಿ ಕೆಟ್ಟ ಮಾತಲ್ಲದೆ ಇನ್ನೇನು ಬರುತ್ತದೆ? "ಈ ಬೆಲ್ಟು ಇನ್ನು ತಿಂಗಳು ಬರಲ್ಲ" ಅನ್ನುತ್ತಿದ್ದ. ತಿಂಗಳೊಳಗೆ ಅದು ಹರಿಯುತ್ತಿತ್ತು. "ಸಾರ್, ಈ ಟೈರಲ್ಲಿ ಹೈವೇಗೆ ಹೋಗ್ಬೇಡಿ" ಅನ್ನುತ್ತಿದ್ದ. ಅವರು ಹೋಗುತ್ತಿದ್ದರು, ನೆಲಮಂಗಲ ದಾಟುವ ಮೊದಲೇ ಫೋನ್ ಬರುತ್ತಿತ್ತು. ಸವೆದದ್ದು ಹರಿಯುತ್ತದೆ ಎಂದು ಹೇಳುವುದಕ್ಕೆ ಮಚ್ಚೆ ಯಾಕೆ ಬೇಕು, ಕಣ್ಣಿದ್ದರೆ ಸಾಕಲ್ಲ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಹೊಸ ಗಾಡಿ ತಂದವರು ಆತನ ಗ್ಯಾರೇಜಿನ ಮುಂದೆ ಹಾಯಬಾರದೆಂದು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅದನ್ನು ಆತ ನಗುತ್ತಲೇ ಹೇಳುತ್ತಿದ್ದ, ನಗುವಾಗ ಆ ಮಚ್ಚೆ ಕಾಣುತ್ತಿತ್ತು.

ನಮ್ಮದು ಮಾವನ ಕಾಲದ ಬಿಳಿ ಕಾರು. ಮಾವ ಕಾರ್ಖಾನೆಯಲ್ಲಿ ಲೇತು ಓಡಿಸಿ ನಿವೃತ್ತರಾದವರು, ಆಗ ಕೊಂಡದ್ದು. ಮನೆಯಲ್ಲಿ ಅದಕ್ಕೆ ಹಿರಿಮಗನ ಸ್ಥಾನ. ಮೊದಲ ಸಲ ಅದರ ಗೇರು ಬಿಗಿಯಾದಾಗ ನಾನು ಆತನ ಬಳಿ ಹೋದೆ.

"ಚಪ್ಪಲಿ ಬಿಟ್ಟು ಓಡ್ಸಿ ಮೇಡಂ," ಎಂದ ಆತ, ಪಕ್ಕದ ಸೀಟಿನಲ್ಲಿ ಕೂರುತ್ತಾ.

"ಯಾಕ್ರೀ? ಇದೇನು ದೇವಸ್ಥಾನವಾ?"

"ಕ್ಲಚ್ಚು ಎಲ್ಲಿ ಹಿಡೀತದೆ, ಎಲ್ಲಿ ಬಿಡ್ತದೆ ಅಂತ ನಿಮ್ ಕಾಲಿಗೆ ಗೊತ್ತಾಗ್ಬೇಕು. ನಾನು ಕೇಳಿದ್ರೆ ನೀವು ಹೇಳ್ಬೇಕಲ್ಲ."

ಬರಿಗಾಲಲ್ಲಿ ಓಡಿಸಿದೆ. ಆತ ಕಣ್ಣು ಮುಚ್ಚಿಕೊಂಡು, ಗೇರ್ ಕಡ್ಡಿಯ ಬುಡಕ್ಕೆ ಎರಡೇ ಎರಡು ಬೆರಳು ತಾಗಿಸಿಕೊಂಡು ಕೂತಿದ್ದ. ನಾಗರಭಾವಿ ವೃತ್ತ ಸುತ್ತಿ ಬರುವಷ್ಟರಲ್ಲಿ ಕೇಳಿದ್ದು ಮೂರು ಪ್ರಶ್ನೆ. ಬೆಳಿಗ್ಗೆ ಬಿಗಿಯಾ, ಬಿಸಿಯಾದ ಮೇಲೆ ಬಿಗಿಯಾ? ಎಲ್ಲಾ ಗೇರೂ ಬಿಗಿಯಾ, ಬರೀ ಒಂದನೆಯದೂ ರಿವರ್ಸೂನಾ? ಇಂಜಿನ್ ಆಫ್ ಮಾಡಿ ಹಾಕಿದರೆ? ನಾನು ಆಫ್ ಮಾಡಿ ಹಾಕಿದೆ, ಬೆಣ್ಣೆಯಂತೆ ಬಿತ್ತು. ಸ್ಟಾರ್ಟ್ ಮಾಡಿ ಹಾಕಿದೆ, ಮೊಂಡು ಹಿಡಿಯಿತು.

"ನಿಮ್ ಗೇರ್‌ಬಾಕ್ಸಿಗೆ ಏನೂ ಆಗಿಲ್ಲ. ಕ್ಲಚ್ಚು ಪೂರ್ತಿ ಬಿಡ್ತಾ ಇಲ್ಲ." ಕೆಳಗೆ ಬಗ್ಗಿ, ಪೆಡಲಿನ ಕೆಳಗಿನಿಂದ ಎರಡು ಮ್ಯಾಟು ಎಳೆದು ಹೊರಗೆ ಹಾಕಿದ. ಹಳೆಯದರ ಮೇಲೆಯೇ ಹೊಸದನ್ನು ಹಾಸಿದ್ದರು ನಮ್ಮ ಮಾವ, ಹಳೆಯದು ಕೊಳೆಯಾಗಬಾರದಂತೆ! ಪೆಡಲು ಪೂರ್ತಿ ಇಳಿಯುವುದಕ್ಕೇ ಜಾಗ ಇರಲಿಲ್ಲ. ಅದನ್ನು ತೆಗೆದ ಮೇಲೆ ಗೇರು ಸರಿಹೋಯಿತು. ಆದರೂ ಆತ ಹೋಗಿ ಅನ್ನಲಿಲ್ಲ.

"ಮೇಡಂ, ಒಂದ್ ಮಾತು. ಗೇರು ಬಿಗಿಯಾದ್ರೆ ಯಾವತ್ತೂ ಬಲ ಹಾಕ್ಬೇಡಿ. ಹಾಕಿದ್ರೆ ಬೀಳಲ್ಲ ಅಂತಲ್ಲ. ಬೀಳ್ತದೆ, ಅದೇ ಭಯ. ಬಿತ್ತಲ್ಲ, ಸರಿ ಇದೆ ಅಂದ್ಕೊಂಡು ಮುಂದಕ್ಕೆ ಹೋಗ್ತೀರ. ಅದು ಏನೋ ಹೇಳಕ್ಕೆ ಬಂದಿರ್ತದೆ, ನೀವು ಬಾಯಿ ಮುಚ್ಸಿರ್ತೀರ."

ಆವತ್ತು ನನಗೆ ನಗು ಬಂತು. ಎರಡು ಮ್ಯಾಟಿನ ವಿಷಯಕ್ಕೆ ಇಷ್ಟು ದೊಡ್ಡ ಪ್ರವಚನವೇ ಅನ್ನಿಸಿತು.

ಗ್ಯಾರೇಜಿನ ಒಳಗೋಡೆಯಲ್ಲಿ ಒಂದು ಹಲಗೆ ಇತ್ತು. ಅದರ ಮೇಲೆ ಸಾಲಾಗಿ ಗೇರ್ ಗುಂಡುಗಳು, ಕಡ್ಡಿಯ ತುದಿಗೆ ತಿರುಗಿಸಿ ಕೂರಿಸುತ್ತಾರಲ್ಲ, ಅಂಗೈಗೆ ಸಿಗುವ ಗುಂಡು, ಅವು. ಕಪ್ಪು, ಕಂದು, ಮರದ್ದು, ಅಂಕಿ ಸವೆದು ಹೋದದ್ದು. ಓಡಿಸಲೇಬಾರದ ಗಾಡಿ ಬಂದರೆ, ಮಾಲೀಕ ಹಟ ಹಿಡಿದರೆ, ಆತ ಗುಂಡು ತಿರುಗಿಸಿ ತೆಗೆದು ಹಲಗೆಯ ಮೇಲೆ ಇಟ್ಟುಬಿಡುತ್ತಿದ್ದ. "ರಿಪೇರಿ ಮಾಡ್ಸಿ, ತಲೆ ವಾಪಸ್ ತಗೊಳ್ಳಿ." ಕೆಲವರು ನಗುತ್ತಾ ಒಪ್ಪುತ್ತಿದ್ದರು. ಕೆಲವರು ಬೈದು ಗಾಡಿ ತೆಗೆದುಕೊಂಡು ಹೋಗಿ ಬೇರೆ ಕಡೆ ಹೊಸ ಗುಂಡು ಹಾಕಿಸುತ್ತಿದ್ದರು. ಹಾಗೆ ಬಿಟ್ಟುಹೋದವೇ ಆ ಸಾಲು. ಅವರಲ್ಲಿ ಯಾರು ಎಲ್ಲಿ ಏನಾದರೋ ಎಂದು ಆ ಹಲಗೆ ನೋಡಿದಾಗಲೆಲ್ಲ ನನಗೆ ಯೋಚನೆಯಾಗುತ್ತಿತ್ತು. ಸಾಲಿನಿಂದ ದೂರ, ಮೂಲೆಯಲ್ಲಿ, ಸೀಳುಬಿಟ್ಟ ಒಂದು ಕಪ್ಪು ಗುಂಡು ಒಂಟಿಯಾಗಿ ಇತ್ತು. ಅದಕ್ಕೆ ಮಾತ್ರ ಪ್ರತಿ ಸೋಮವಾರ ವಿಭೂತಿ ಹಚ್ಚುತ್ತಿದ್ದ.

ಅದು ಯಾರದ್ದು ಅಂತ ಕೇಳಿದ್ದಕ್ಕೆ ಮೂರು ಸಲ ಮಾತು ಮರೆಸಿದ. ನಾಲ್ಕನೇ ಸಲ, ಯಾವುದೋ ನಟ್ಟು ಬಿಗಿಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದ. ಅದು ಆತನಿಗೆ ಕೆಲಸ ಕಲಿಸಿದ ಗುರುವಿನ ಕಾರಿನದು. ಗುರುವಿನ ಮಗಳ ಮದುವೆ ದಿನ ಆತ ಕಾರಿಗೆ ಹೂವು ಕಟ್ಟುತ್ತಿದ್ದನಂತೆ. ಸ್ವಲ್ಪ ಹಿಂದೆ ಸರಿಸೋಣ ಅಂತ ಕೂತು ರಿವರ್ಸ್ ಹಾಕಿದರೆ ಗೇರು ಬಿಗಿ. ಕ್ಲಚ್ ಪೆಡಲಿನ ಮೇಲುಗಡೆ ಮುಟ್ಟಿ ನೋಡಿದರೆ ಒದ್ದೆ. ಬ್ರೇಕಿನ ಎಣ್ಣೆಯೂ ಕ್ಲಚ್ಚಿನ ಎಣ್ಣೆಯೂ ಒಂದೇ ಡಬ್ಬಿಯಿಂದ ಬರುವ ಗಾಡಿ ಅದು, ಕ್ಲಚ್ಚಿನದು ಸೋರಿದರೆ ಬ್ರೇಕಿಗೂ ಎಣ್ಣೆ ಉಳಿಯುವುದಿಲ್ಲ.

"'ಅಣ್ಣಾ, ಈ ಗಾಡಿ...' ಅಂತ ಬಾಯಿ ತೆಗ್ದೆ ಮೇಡಂ. ಅವ್ರು ನನ್ ಬಾಯಿಗೆ ಕೈ ಅಡ್ಡ ಹಿಡಿದ್ರು. 'ಇವತ್ತೊಂದಿನ ನಿನ್ ನಾಲಿಗೆ ಒಳಗಿಟ್ಕೊ ಮಾರಾಯ. ಶುಭಕಾರ್ಯ' ಅಂದ್ರು. ಮುಚ್ಕೊಂಡೆ. ಹುಡುಗೀನ ಛತ್ರದಲ್ಲಿ ಇಳ್ಸಿ ಪುರೋಹಿತರನ್ನ ಕರ್ಕೊಂಡ್ ಬರ್ತೀನಿ ಅಂತ ಒಬ್ರೇ ಹೋದ್ರು. ತಾಳಿ ಕಟ್ಟೋ ಹೊತ್ಗೆ ಸುದ್ದಿ ಬಂತು."

ಆಮೇಲೆ ಆತ ಯಾವತ್ತೂ ನಾಲಿಗೆ ಒಳಗಿಟ್ಟುಕೊಳ್ಳಲಿಲ್ಲ. ಹಬ್ಬ, ಮದುವೆ, ಗೃಹಪ್ರವೇಶ, ಯಾರ ಮನೆಯ ಎಂಥ ಶುಭದಿನವಾದರೂ ಸರಿ, ಬಾನೆಟ್ ಎತ್ತಿ ಕಂಡದ್ದನ್ನು ಮುಖಕ್ಕೆ ಹೇಳಿಬಿಡುತ್ತಿದ್ದ. ಜನ ಆತನಿಗೆ ಹೆದರುವುದು ಶುರುವಾದದ್ದು ಅಲ್ಲಿಂದ.

ಈಗ ನಮ್ಮ ಮನೆಯ ಕತೆಗೆ ಬರುತ್ತೇನೆ. ಇದು ಹನ್ನೊಂದು ವರ್ಷದ ಹಿಂದಿನದು.

ಮಾವನಿಗೆ ಆಯುಧಪೂಜೆ ಅಂದರೆ ಉಳಿದೆಲ್ಲ ಹಬ್ಬಕ್ಕಿಂತ ದೊಡ್ಡದು. ಹಬ್ಬದ ದಿನ ಗಾಡಿಯ ಹೊಟ್ಟೆ ತುಂಬಿರಬೇಕು ಅನ್ನುವುದು ಅವರ ನೇಮ. "ಮನೆಮಂದಿಗೆಲ್ಲ ಎಡೆ ಬಡಿಸ್ಬಿಟ್ಟು ದುಡಿಯೋ ಗಾಡೀನ ಅರೆಹೊಟ್ಟೇಲಿ ನಿಲ್ಸಾರಾ?" ಅನ್ನುತ್ತಿದ್ದರು. ಪೆಟ್ರೋಲು ತುಂಬ, ರೇಡಿಯೇಟರಿಗೆ ನೀರು ತುಂಬ, ಗಾಜು ಒರೆಸುವ ನೀರೂ ತುಂಬ. ಬಾನೆಟ್ಟಿನೊಳಗೆ ಮುಚ್ಚಳ ಇರುವ ಯಾವುದೂ ಅರೆಬರೆ ಇರುವಂತಿಲ್ಲ. ಕುಂಬಳಕಾಯಿ ಒಡೆಯುವ ಮುಂಚೆ ಈ ಬಡಿಸುವ ಕೆಲಸ. ನಾನು ಆರತಿ ತಟ್ಟೆ ಹಿಡಿದುಕೊಂಡು ನಿಂತು ಎಷ್ಟೋ ಸಲ ನೋಡಿದ್ದೇನೆ. ಅವರು ಏನನ್ನು ಎಲ್ಲಿ ಸುರಿಯುತ್ತಿದ್ದಾರೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಮೂವತ್ತು ವರ್ಷ ಮಿಷಿನ್ ಓಡಿಸಿದವರನ್ನು ಕೇಳುವುದೇನು?

ಆ ವರ್ಷ ಹಬ್ಬವಾಗಿ ಆರೇಳು ವಾರಕ್ಕೆ ಗೇರು ಮತ್ತೆ ಬಿಗಿಯಾಯಿತು. ಈ ಸಲ ಮ್ಯಾಟು ಸರಿಯಾಗಿಯೇ ಇತ್ತು. ಆತ ಬಾನೆಟ್ ಎತ್ತಿದ, ಬ್ರೇಕ್ ಎಣ್ಣೆಯ ಪುಟ್ಟ ಡಬ್ಬಿಯ ಮುಚ್ಚಳ ತೆಗೆದ, ಬೆರಳು ಅದ್ದಿ ಮೂಸಿದ. ಟೀ ಅಂಗಡಿಯವನಿಗೆ ಕೂಗಿದ. "ಒಂದ್ ಗ್ಲಾಸ್ ನೀರ್ ಕೊಡೋ. ತೊಳ್ದಿರೋ ಗ್ಲಾಸು."

ಗಾಜಿನ ಲೋಟದ ನೀರಿಗೆ ಬೆರಳ ತುದಿಯಿಂದ ಒಂದು ಹನಿ ಬಿಟ್ಟ. ಹನಿ ಅಗಲವಾಗಿ ಹರಡಿ ಬಣ್ಣ ಬಣ್ಣವಾಗಿ ನೀರಿನ ಮೇಲೆ ತೇಲಿತು.

"ಬ್ರೇಕ್ ಎಣ್ಣೆ ಆಗಿದ್ರೆ ನೀರಲ್ಲಿ ಬೆರೆತುಹೋಗ್ಬೇಕು ಮೇಡಂ, ಸಕ್ಕರೆ ಕರಗಿದಂಗೆ. ಇದು ತೇಲ್ತಾ ಇದೆ. ಡಬ್ಬಿ ಇಳಿದಿತ್ತೇನೋ, ಯಾರೋ ಇಂಜಿನ್ ಆಯಿಲ್ ಸುರಿದಿದಾರೆ. ಒಳಗಿನ ರಬ್ಬರೆಲ್ಲ ಊದ್ಕೊಂಡಿದೆ. ನಿಮ್ ಗಾಡೀಲೂ ಎರಡಕ್ಕೂ ಒಂದೇ ಡಬ್ಬಿ. ಕ್ಲಚ್ಚಿಗೆ ಮೊದ್ಲು ಗೊತ್ತಾಗಿದೆ, ಅದಕ್ಕೇ ಗೇರು ಬೀಳ್ತಿಲ್ಲ. ಆಮೇಲೆ ಬ್ರೇಕು."

ಯಾರು ಸುರಿದದ್ದು ಅಂತ ನನಗೆ ತಕ್ಷಣ ಗೊತ್ತಾಯಿತು. ಆರತಿ ತಟ್ಟೆಯ ವಾಸನೆ ಸಮೇತ ನೆನಪಾಯಿತು. ನಮ್ಮ ಮಾವ ಅಂತ ಹೇಳಿಬಿಟ್ಟೆ. ಟೀ ಅಂಗಡಿಯವನು ಲೋಟಕ್ಕಾಗಿ ಕಾಯುತ್ತಾ ಅಲ್ಲೇ ನಿಂತಿದ್ದ.

ಆತ ಡಬ್ಬಿಯ ಮುಚ್ಚಳ ಹಾಕುತ್ತಾ ಅಂದ, "ಪೂಜೆ ಮಾಡಿ ಹಾಕಿರೋದು. ಯಜಮಾನ್ರಿಗೆ ಅದು ಹೇಳೋದ್ ಬೇಡ ಮೇಡಂ, ಮನಸ್ಸಿಗೆ ಹಚ್ಕೊಂತಾರೆ. ರಬ್ಬರ್ ಹೋಗಿದೆ, ಬ್ರೇಕ್ ಹಿಡಿಯಲ್ಲ, ಗಾಡಿ ತೆಗೀಬೇಡಿ ಅಂತಷ್ಟೇ ಹೇಳಿ. ಸಾಕು."

ಹಾಗೆಯೇ ಹೇಳಿದೆ. ಮಾವ ಕೆಂಡವಾದರು. ಕಾರ್ತಿಕದ ಕೊನೆಯ ಸೋಮವಾರ ಮಾದಪ್ಪನ ಬೆಟ್ಟಕ್ಕೆ ಈ ಗಾಡಿಯಲ್ಲೇ ಬರುತ್ತೇನೆ ಅಂತ ಅವರು ಹರಕೆ ಹೊತ್ತಿದ್ದರು, ಅದಕ್ಕೆ ಉಳಿದಿದ್ದದ್ದು ಎರಡೇ ದಿನ. ತಾವೇ ಗ್ಯಾರೇಜಿಗೆ ಬಂದರು. ಆತ ಮಾತಾಡುತ್ತಲೇ ಗೇರ್ ಗುಂಡು ತಿರುಗಿಸಿ ಕೈಗೆ ತೆಗೆದುಕೊಂಡಿದ್ದ.

"ಯಜಮಾನ್ರೇ, ಕೈ ಮುಗೀತೀನಿ. ಬೆಟ್ಟ ಹತ್ತಬಹುದು, ಇಳಿಯೋಕಾಗಲ್ಲ."

"ಥೂ, ಅನಿಷ್ಟ! ದೇವ್ರ ಹೆಸ್ರಲ್ಲಿ ಹೊರಟಿರೋರ್‌ಗೆ ಆಡೋ ಮಾತೇನಯ್ಯಾ ಇದು? ನನ್ ಗಾಡಿ ತಲೆ ಕೀಳ್ತೀಯಾ?" ಮಾವ ಹೆಗಲ ಮೇಲಿನ ಟವೆಲನ್ನು ಬೋಳು ಕಡ್ಡಿಗೆ ಸುತ್ತಿ, ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಟೇ ಹೋದರು. ಗೇರು ಕೊರಕೊರ ಅಂದದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.

ಸೋಮವಾರ ಬೆಳಗಾಗುತ್ತಿದ್ದಂತೆ ಹೊರಟೆವು. ಮಾವ ಓಡಿಸುತ್ತಿದ್ದರು, ಪಕ್ಕದಲ್ಲಿ ಅತ್ತೆ, ಹಿಂದೆ ನಾನು. ನನ್ನ ಯಜಮಾನರು ಆಗ ಬೇರೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದರು. ಎಲ್ಲ ಗೊತ್ತಿದ್ದವಳು ನಾನೊಬ್ಬಳೇ. ಆ ಡಬ್ಬಿಗೆ ನೀವೇ ತಪ್ಪು ಎಣ್ಣೆ ಹಾಕಿದ್ದೀರಿ ಮಾವ ಅಂದಿದ್ದರೆ ಬಹುಶಃ ನಿಲ್ಲಿಸುತ್ತಿದ್ದರು. ಮಿಷಿನ್ ಗೊತ್ತಿದ್ದ ಮನುಷ್ಯ, ಕಾರಣ ಹೇಳಿದರೆ ಅರ್ಥವಾಗುತ್ತಿತ್ತು. ಆದರೆ ಹೊರಟ ಹೊತ್ತಿನಲ್ಲಿ ಅಪಶಕುನ ಆಡಬಾರದು ಅಂತ ನನ್ನ ತಾಯಿ ಕಲಿಸಿದ್ದು ಗಂಟಲಲ್ಲೇ ಕೂತಿತ್ತು. ತೆಂಗಿನಕಾಯಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂತೆ.

ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಒಂದನೇ ಗೇರಿಗೆ ಮಾವ ಎರಡೂ ಕೈ ಹಾಕಿದರು. ಬಿತ್ತು. "ನೋಡ್ದೇನಮ್ಮಾ? ಬಿತ್ತಲ್ಲ!" ಅಂತ ನನ್ನ ಕಡೆ ತಿರುಗಿ ನಕ್ಕರು. ಬೀಳ್ತದೆ, ಅದೇ ಭಯ ಅಂದಿದ್ದ ಆತನ ಮಾತು ನೆನಪಾಯಿತು. ರಾಜರಾಜೇಶ್ವರಿ ನಗರದ ಕಮಾನು ದಾಟಿದ ಮೇಲೆ ಸುಟ್ಟ ವಾಸನೆ ಬಂತು. "ಯಾರೋ ಕಸ ಸುಡ್ತಾವ್ರೆ" ಅಂದರು ಅತ್ತೆ, ಸೆರಗನ್ನು ಮೂಗಿಗೆ ಹಿಡಿದುಕೊಂಡು. ಕಸವಲ್ಲ, ಬ್ರೇಕು. ನನಗೆ ಗೊತ್ತಿತ್ತು. ಒಂದು ಮಾತು ಆಡಬೇಕಿತ್ತು, ಕೆಂಗೇರಿ ಬರುವವರೆಗೂ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ.

ಕೆಂಗೇರಿ ಬಸ್ ನಿಲ್ದಾಣ ದಾಟಿದ ಮೇಲೆ ಮುಂದಿನ ಲಾರಿ ನಿಂತಿತು. ಮಾವ ಬ್ರೇಕ್ ತುಳಿದರು. ಪೆಡಲು ಕೆಸರಿಗೆ ಕಾಲಿಟ್ಟಂತೆ ತಳಕ್ಕೆ ಹೋಯಿತು. "ಮಾದಪ್ಪಾ!" ಅಂತ ಕೂಗಿ ಸ್ಟೇರಿಂಗ್ ತಿರುಗಿಸಿದರು. ಗಾಡಿ ರಸ್ತೆಯ ನಡುವಿನ ಕಟ್ಟೆಗೆ ಹೊಡೆದು ನಿಂತಿತು. ಅತ್ತೆ ಮುಂದಕ್ಕೆ ಕೈ ಚಾಚಿದ್ದರು, ಅವರ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಅದು ಬೆಟ್ಟದ ತಿರುವಾಗಿದ್ದರೆ ಇದನ್ನು ಬರೆಯುವುದಕ್ಕೆ ನಾನು ಇರುತ್ತಿರಲಿಲ್ಲ.

ನಾನು ಫೋನ್ ಮಾಡಿದ್ದು ಆತನಿಗೇ. ಅರ್ಧ ಗಂಟೆಯಲ್ಲಿ ಬಸ್ಸಿಳಿದು ಓಡಿ ಬಂದ. ಅತ್ತೆ ಫುಟ್‌ಪಾತಿನ ಮೇಲೆ ಕೂತಿದ್ದರು, ಗೇರ್ ಕಡ್ಡಿಗೆ ಸುತ್ತಿದ್ದ ಟವೆಲು ಈಗ ಅವರ ಕೈಗೆ ಸುತ್ತಿತ್ತು. ಆತನ ಅಂಗಿಯ ಜೇಬು ಉಬ್ಬಿತ್ತು, ಅದರಲ್ಲಿ ನಮ್ಮ ಗೇರ್ ಗುಂಡು.

"ಪ್ರಾಣಕ್ಕೇನೂ ಆಗ್ಲಿಲ್ವಲ್ಲಾ ಮೇಡಂ?" ಅಂತ ಆತ ಕೇಳುವಷ್ಟರಲ್ಲಿ ಮಾವ ಆತನ ಕೊರಳಪಟ್ಟಿ ಹಿಡಿದಿದ್ದರು.

"ನಿನ್ ನಾಲಿಗೆ ಸೇದೋಗ! ನೀನು ನುಡಿದೆ, ಆಯ್ತಲ್ಲಾ! ನನ್ ಹೆಂಡ್ತಿ ಕೈ ಮುರಿದೆಯಲ್ಲೋ! ಗಾಡಿ ತಲೆ ಕಿತ್ತಾಗ್ಲೇ ನೀನೇನೋ ಮಾಡಿದೀಯ!"

ಜನ ಸೇರಿದ್ದರು. ಹೂವಿನವಳು, ಆಟೋದವರು, ಬಸ್ಸಿಗೆ ನಿಂತವರು. ಆತ ಒಂದು ಸಲ, ಒಂದೇ ಒಂದು ಸಲ, ನನ್ನ ಕಡೆ ನೋಡಿದ. ಹೇಳು ಅಂತಲೋ, ಹೇಳಬೇಡ ಅಂತಲೋ, ನನಗೆ ಇವತ್ತಿಗೂ ತಿಳಿಯದು. ಹೇಳಬೇಡ ಅಂತಲೇ ಇರಬೇಕು ಅಂದುಕೊಂಡೆ, ಯಾಕೆಂದರೆ ನನಗೆ ಅದೇ ಅನುಕೂಲವಾಗಿತ್ತು. ನಾನು ಅತ್ತೆಯ ಪಕ್ಕ ಕೂತು ಅವರ ಬೆನ್ನು ನೇವರಿಸುತ್ತಾ ತಲೆ ತಗ್ಗಿಸಿದೆ. ಥೂ ನನ್ನ ಜನ್ಮಕ್ಕೆ.

"ಆಯ್ತು ಯಜಮಾನ್ರೇ, ನಂದೇ ತಪ್ಪು. ಮೊದ್ಲು ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ," ಅಂದ ಆತ.

'ನಂದೇ ತಪ್ಪು' ಅನ್ನುವ ಆ ಎರಡು ಶಬ್ದವನ್ನು ಮಾವ ಊರೆಲ್ಲ ಹಂಚಿದರು. ಪಾರ್ಕಿನ ಕಲ್ಲುಬೆಂಚಿನಲ್ಲಿ, ದೇವಸ್ಥಾನದ ಸರತಿಯಲ್ಲಿ, ಕ್ಷೌರದಂಗಡಿಯಲ್ಲಿ. "ಅವ್ನೇ ಒಪ್ಕೊಂಡ ಕಣ್ರೀ!" ಅತ್ತೆಯ ಕೈ ನೆಟ್ಟಗೆ ಕೂಡಲೇ ಇಲ್ಲ. ರೊಟ್ಟಿ ತಟ್ಟುವುದಕ್ಕೆ ಆಗದೆ ಹೋದಾಗಲೆಲ್ಲ ಅವರು ಆತನಿಗೆ ಶಾಪ ಹಾಕುತ್ತಿದ್ದರು, ಹಾಕಿಕೊಂಡೇ ಎರಡು ವರ್ಷದ ಹಿಂದೆ ತೀರಿಕೊಂಡರು. ಆತನ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಆರರಿಂದ ಮೂರಾದವು, ಮೂರರಿಂದ ಒಂದಾದವು. ಮಚ್ಚೆ ನಾಲಿಗೆಯವನು ಅಂತ ಹಿಂದೆಯೂ ಅನ್ನುತ್ತಿದ್ದರು, ಆಗ ಅದರಲ್ಲಿ ಸ್ವಲ್ಪ ತಮಾಷೆ ಇತ್ತು. ಆಮೇಲೆ ತಮಾಷೆ ಹೋಯಿತು.

ನಮ್ಮ ಗಾಡಿಯನ್ನು ಸರಿಮಾಡಿದವನೂ ಆತನೇ. ಬೇರೆ ಕಡೆ ಮಾಡಿಸಿದೆ ಅಂತ ಮಾವನಿಗೆ ಸುಳ್ಳು ಹೇಳಿದೆ. ರಬ್ಬರೆಲ್ಲ ಬದಲಿಸಿ, ಕೊಳವೆಗಳನ್ನೆಲ್ಲ ತೊಳೆದು, ಗುಂಡನ್ನು ವಾಪಸ್ ಕೂರಿಸಿದ ಮೇಲೆ ಆ ಪುಟ್ಟ ಡಬ್ಬಿಯ ಮುಚ್ಚಳಕ್ಕೆ ಒಂದು ತುಂಡು ಟೇಪು ಅಂಟಿಸಿ, ಪೆನ್ನಿನಲ್ಲಿ ದುಂಡಗೆ ಬರೆದ: 'ಇದಕ್ಕೆ ನೈವೇದ್ಯ ಬೇಡ'. ನನಗೆ ಅಳು ಬರಬೇಕಿತ್ತು, ನಗು ಬಂತು. ಮುಂದಿನ ಆಯುಧಪೂಜೆಗೆ ಮಾವ ಅದನ್ನು ಓದಿ ಏನಿದು ಅಂದಾಗ, "ಗ್ಯಾರೇಜಿನವರು ಹಾಕಿದಾರೆ ಮಾವ, ಅದು ಸೀಲು, ತೆಗೀಬಾರ್ದಂತೆ" ಅಂದೆ. ಅದು ಎರಡನೆಯ ಸುಳ್ಳು. ಸುಳ್ಳು ಹೇಳುವಾಗ ಮಾತ್ರ ನನ್ನ ಬಾಯಿ ಚೆನ್ನಾಗಿ ಓಡುತ್ತದೆ.

ಕದ್ದು ಮುಚ್ಚಿ ಆತನ ಬಳಿಯೇ ಹೋಗುತ್ತಿದ್ದೆ, ಗಾಡಿಯನ್ನು ಗಿರಣಿಯ ಆಚೆ ನಿಲ್ಲಿಸಿ. ಒಮ್ಮೆ ತಡೆಯಲಾರದೆ ಕೇಳಿದೆ, "ನೀವಾದ್ರೂ ಆವತ್ತು ಹೇಳ್ಬಾರ್ದಿತ್ತಾ?"

"ಅಪಾಯ ಇದೆ ಅಂತ ಹೇಳೋದು ನನ್ ಕೆಲ್ಸ ಮೇಡಂ. ಯಾರ್ದು ತಪ್ಪು ಅಂತ ಹೇಳೋದು ನನ್ ಕೆಲ್ಸ ಅಲ್ಲ. ಹೆಂಡ್ತಿ ಕೈ ಮುರಿದಿದ್ದು ತನ್ ಪೂಜೆಯಿಂದ ಅಂತ ಗೊತ್ತಾದ್ರೆ ಆ ವಯಸ್ಸಲ್ಲಿ ಆ ಮನುಷ್ಯ ಏನಾಗ್ಬೇಕು? ನಂಗೇನು, ಮೊದ್ಲೇ ಕೆಟ್ಟ ನಾಲಿಗೆಯವನು. ಇನ್ನೊಂದ್ ಹೆಸ್ರು ಅಂಟ್ಕೊಂಡ್ರೆ ಏನ್ ಹೋಗ್ತದೆ?"

ದೊಡ್ಡ ಮನಸ್ಸು ಅಂದುಕೊಂಡೆ ಆವತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಅದೊಂದು ಆತ ಮಾಡಿದ ತಪ್ಪು. ಅರ್ಧ ಹೇಳಿ ಅರ್ಧ ನುಂಗಿದರೆ ಆ ನುಂಗಿದ್ದು ಅಲ್ಲಿಯೇ ಉಳಿದಿರುತ್ತದೆ.

ಉಳಿದಿತ್ತು. ಈ ವರ್ಷದ ಆಯುಧಪೂಜೆಯಂದು ನನಗೆ ಜ್ವರ, ಮಲಗಿದ್ದೆ. ಮಾವನಿಗೆ ಈಗ ಎಂಬತ್ತೈದು ದಾಟಿದೆ, ಗಾಡಿ ಓಡಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಪೂಜೆ ಬಿಟ್ಟಿಲ್ಲ. ಸಾಯುವ ಮುಂಚೆ ಇನ್ನೊಂದು ಸಲ ಮಾದಪ್ಪನ ಬೆಟ್ಟ ನೋಡಿಬಿಡಬೇಕು ಅಂದರು. ಕಾರ್ತಿಕದ ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ ಅಂತ ಒಪ್ಪಿಕೊಂಡಿದ್ದೆ.

ಹೋದ ಶನಿವಾರ ಶಾಲೆಯಿಂದ ಬರುವಾಗ ಚಂದ್ರಾ ಲೇಔಟ್ ಸಿಗ್ನಲ್ಲಿನಲ್ಲಿ ಒಂದನೇ ಗೇರು ಬೀಳಲಿಲ್ಲ.

ಬಲ ಹಾಕಲಿಲ್ಲ. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರೂ ಇಂಜಿನ್ ಆಫ್ ಮಾಡಿ ಹಾಕಿ ನೋಡಿದೆ, ಸಲೀಸಾಗಿ ಬಿತ್ತು. ಕ್ಲಚ್ಚನ್ನು ಎರಡು ಮೂರು ಸಲ ತುಳಿದು ಸ್ಟಾರ್ಟ್ ಮಾಡಿ, ಆಮೆಯ ಹಾಗೆ ಮನೆಗೆ ತಂದೆ. ಗೇಟಿನೊಳಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಮುಚ್ಚಳದ ಮೇಲಿನ ಟೇಪು ಇಂಜಿನ್ನಿನ ಕಾವಿಗೆ ಯಾವಾಗಲೋ ಉದುರಿಹೋಗಿತ್ತು. ಡಬ್ಬಿ ಕುತ್ತಿಗೆಯವರೆಗೆ ತುಂಬಿತ್ತು. ಮುಚ್ಚಳಕ್ಕೆ ಅರಿಶಿನ ಕುಂಕುಮ.

ಅತ್ತಿಗುಪ್ಪೆಗೆ ಫೋನ್ ಮಾಡಬೇಕು ಅಂತ ಕೈ ಮೊಬೈಲಿಗೆ ಹೋಯಿತು. ಆಮೇಲೆ ನೆನಪಾಯಿತು, ಇನ್ನು ಕೆಟ್ಟ ಮಾತು ಆಡುವುದಕ್ಕೆ ಯಾರೂ ಇಲ್ಲ. ಇರುವುದು ನಾನು.

ಒಳಗಿನಿಂದ ಗಾಜಿನ ಲೋಟದಲ್ಲಿ ನೀರು ತಂದೆ. ಬೆರಳದ್ದಿ ಒಂದು ಹನಿ ಬಿಟ್ಟೆ. ವರಾಂಡದಲ್ಲಿ ಪೇಪರ್ ಓದುತ್ತಿದ್ದ ಮಾವನ ಮುಂದೆ ಅದನ್ನು ಹಿಡಿದೆ.

"ಏನಮ್ಮ ಇದು?"

"ಬ್ರೇಕ್ ಎಣ್ಣೆ ಡಬ್ಬಿಯಿಂದ ತೆಗೆದಿದ್ದು ಮಾವ. ಬ್ರೇಕ್ ಎಣ್ಣೆ ನೀರಲ್ಲಿ ಬೆರೀಬೇಕು. ಇದು ಇಂಜಿನ್ ಆಯಿಲ್. ಹಬ್ಬದ ದಿನ ನೀವು ಹಾಕಿದ್ದು."

ಅವರು ಕನ್ನಡಕ ಸರಿಮಾಡಿಕೊಂಡು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಮಿಷಿನ್ ಗೊತ್ತಿದ್ದ ಮನುಷ್ಯ. ಬಿಡಿಸಿ ಹೇಳಬೇಕಾಗಲಿಲ್ಲ.

"ಕೆಂಗೇರೀಲಿ ಆಗಿದ್ದೂ..."

"ಹೂಂ ಮಾವ. ಅದೂ ಇದೇ."

"ಅವ್ನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿಮ್ಮ ಮನಸ್ಸಿಗೆ ನೋವಾಗತ್ತೆ, ಹೇಳ್ಬೇಡಿ ಅಂದ್ರು."

ಪೇಪರ್ ಮಡಚಿ ಪಕ್ಕಕ್ಕಿಟ್ಟರು. "ನಿಂಗೆ?"

"ನನಗೂ ಗೊತ್ತಿತ್ತು. ಗಾಡಿ ಹತ್ತೋಕೆ ಮುಂಚೆನೇ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮತ್ತೆ ಪ್ರಾಣ ಹೋಗೋವರ್ಗೂ ಅವ್ನಿಗೆ ಶಾಪ ಹಾಕಿದ್ಲಲ್ಲಮ್ಮಾ," ಅಂದರು, ಅಷ್ಟೇ. ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ಆಟೋ ಕರೆದೆ.

ಷಟರಿನ ಮೇಲಿನ ಫ್ಲೆಕ್ಸು ಬಿಸಿಲಿಗೆ ಬಣ್ಣ ಕಳೆದುಕೊಂಡು ಒಂದು ಮೂಲೆ ಹರಿದಿತ್ತು. ಮಾವ ಅದರ ಮುಂದೆ ಕೋಲೂರಿ ನಿಂತರು. ಆಮೇಲೆ ಟೀ ಅಂಗಡಿಯ ಕಡೆ ತಿರುಗಿ, ಅಲ್ಲಿ ನಿಂತಿದ್ದ ನಾಲ್ಕೈದು ಜನಕ್ಕೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದರು, "ಇವನು ನನ್ ಗಾಡಿ ಕೆಡಿಸ್ಲಿಲ್ಲ ಕಣ್ರಪ್ಪಾ. ನಾನೇ ಕೆಡ್ಸಿದ್ದು. ತಪ್ಪು ಎಣ್ಣೆ ಹಾಕಿದ್ದು ನಾನು."

ಟೀ ಕುಡಿಯುತ್ತಿದ್ದವರೆಲ್ಲ ಹೊಸಬರು, ಮೆಟ್ರೋಗೆ ಹೋಗುವವರು. ಯಾರೀ ಮುದುಕ ಅನ್ನುವಂತೆ ನೋಡಿ ಮತ್ತೆ ಮೊಬೈಲಿಗೆ ತಿರುಗಿದರು. ಟೀ ಅಂಗಡಿಯವನು ಮಾತ್ರ ಸ್ಟವ್ ಸಣ್ಣ ಮಾಡಿ ಹೊರಗೆ ಬಂದ.

"ನಂಗೆ ಗೊತ್ತು ಯಜಮಾನ್ರೇ. ಅವತ್ತು ನೀರಿನ ಗ್ಲಾಸ್ ಕೊಟ್ಟಿದ್ದು ನಾನೇ. ಯಾರ್‌ಗೂ ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ದ."

ಮಾವ ಷಟರಿನ ಮುಂದೆ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ.